ಕಾಡಿಗೆ ಬಿದ್ದ ತೆನೆಯ ಊಟ

ಪುಟ್ಟಿ, ಮರಿ, ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಪುಟ್ಟಿ, ನೀನು ಬಿಡದಿ ಹತ್ತಿರದ ಆ ದೊಡ್ಡ ಮೆಕ್ಸಿಕನ್ ಹೋಟೆಲಿನ ಅಡುಗೆಮನೆಗೆ ಸೇರಿ ಮೂರು ತಿಂಗಳಾಗಿತ್ತು. ನಿಮ್ಮಪ್ಪನಿಗೆ ಅದು ಹಿಡಿಸಿರಲಿಲ್ಲ. "ಓದ್ಸಿದ್ದು ಕಂಡೋರ್ಗೆ ಬೇಯ್ಸಾಕೋಕಾ?" ಎಂದು ದಿನವೂ ಗೊಣಗುತ್ತಿದ್ದ. ಕೊನೆಗೊಂದು ದಿನ, "ನಿಮ್ಮಜ್ಜಿ ಬಂದು, ನೀನ್ ಮಾಡಿದ್ದು ತಿಂದು, ಚೆನ್ನಾಗೈತೆ ಅನ್ಲಿ. ಆಮ್ಯಾಕೆ ನಾನು ಬಾಯ್ ಬುಡಕಿಲ್ಲ. ಇಲ್ದಿದ್ರೆ ಈ ತಿಂಗ್ಳೇ ಬುಟ್ಬುಡ್ಬೇಕು ಕಣಮ್ಮಿ" ಎಂದ. ನಾನು ಸುಳ್ಳು ಹೇಳುವವಳಲ್ಲ ಎಂದು ಅವನ ನಂಬಿಕೆ.

ಒಂದು ಭಾನುವಾರ ಮಧ್ಯಾಹ್ನ ಹೋದೆವು. ಹಸು ಕರು ಹಾಕುವ ಹಾಗಿದೆ ಎಂದು ನಿಮ್ಮಮ್ಮ ಮನೆಯಲ್ಲೇ ಉಳಿದಳು. ಹೊರಗೆ ಉರಿಬಿಸಿಲು, ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಗೋಡೆ ತುಂಬ ತಲೆಬುರುಡೆಗಳ ಚಿತ್ರ, ಅವುಗಳ ಹಣೆಗೆ ಚೆಂಡುಹೂವು! ಅನ್ನ ಉಣ್ಣುವ ಜಾಗದಲ್ಲಿ ಸ್ಮಶಾನ ಬರೆಸಿಕೊಳ್ಳುತ್ತಾರೆಯೇ? ಪಕ್ಕದ ಮೇಜಿನವರು ಒಲೆಯನ್ನೇ ಕಾಣದ ಹಸಿಮೀನನ್ನು ನಿಂಬೆರಸದಲ್ಲಿ ಅದ್ದಿ ತಿನ್ನುತ್ತಿದ್ದರು. ನಾನು ಮುಖ ತಿರುಗಿಸಿ ಕೂತೆ. ಮರಿ, ನೀನು ಶರಬತ್ತಿನ ಲೋಟದ ಅಂಚಿಗೆ ಮೆತ್ತಿದ ಉಪ್ಪನ್ನು ಕರುವಿನ ಹಾಗೆ ನೆಕ್ಕುತ್ತಿದ್ದೆ.

ಅಷ್ಟರಲ್ಲಿ ಪುಟ್ಟಿ, ನೀನು ಬಿಳಿ ಕೋಟು ತೊಟ್ಟು, ತಟ್ಟೆ ಹಿಡಿದು ಬಂದೆ.

"ನಾನೇ ಮಾಡಿದ್ದು ಕಣಜ್ಜಿ. ಅವ್ರ ದೇಶ್ದಲ್ಲಿ ಇದು ಭಾರಿ ವಿಶೇಷ. ಮುಸುಕಿನ ಜೋಳ್ದಲ್ಲೇ ಬೆಳೆಯೋದು. ಡಬ್ಬೀಲಿ ಅಲ್ಲಿಂದ್ಲೇ ಬತ್ತದೆ."

ನೀನು ಪುಟ್ಟ ಜೋಳದ ರೊಟ್ಟಿಯನ್ನು ಮಡಿಸಿಟ್ಟಿದ್ದೆ. ನಾನು ಮಡಿಕೆ ಬಿಡಿಸಿದೆ. ಒಳಗೆ ಕಪ್ಪಗೆ, ಲೋಳೆಲೋಳೆಯಾಗಿ ಹೊಳೆಯುತ್ತಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ಕಾಡಿಗೆ ರೋಗ! ತೆನೆಯ ಕಾಳು ಬೂದುಬಣ್ಣಕ್ಕೆ ತಿರುಗಿ, ಗಂಟುಗಂಟಾಗಿ ಊದಿ, ಒಡೆದರೆ ಕರಿ ಪುಡಿ ಉದುರುತ್ತದಲ್ಲ, ಅದೇ. ನಿಮ್ಮ ತಾತನೂ ನಾನೂ ಹೊಲದಲ್ಲಿ ಅಂಥ ತೆನೆ ಕಂಡರೆ ಮುರಿದು, ಪುಡಿ ಬೇರೆ ಗಿಡಕ್ಕೆ ಹಾರದಂತೆ ಸೆರಗಿನಲ್ಲಿ ಗಂಟು ಕಟ್ಟಿ ತಂದು ಒಲೆಗೆ ಹಾಕುತ್ತಿದ್ದೆವು. ಹಸುವಿಗೂ ಹಾಕುತ್ತಿರಲಿಲ್ಲ. ನಿಮ್ಮಪ್ಪ ಬಸ್ಸು ಓಡಿಸುವವನು, ಹೊಲಕ್ಕೆ ಇಳಿದವನಲ್ಲ. ಅವನಿಗೆ ತಿಳಿಯಲಿಲ್ಲ.

ಪುಟ್ಟಿ, ನೀನು ನನ್ನ ಬಾಯನ್ನೇ ನೋಡುತ್ತಿದ್ದೆ. ನಾನು ಒಂದು ತುತ್ತು ಮುರಿದು, ಮುದ್ದೆ ನುಂಗುವ ಹಾಗೆ ಅಗಿಯದೆ ನುಂಗಿದೆ. ಆದರೂ ನಾಲಗೆಗೆ ಹತ್ತಿಬಿಟ್ಟಿತು. ಮುಗ್ಗಿದ ಹುಲ್ಲಿನ ಮೆದೆಯ ವಾಸನೆ.

"ಹೆಂಗೈತವ್ವ?" ಎಂದ ನಿಮ್ಮಪ್ಪ.

"ಚೆನ್ನಾಗೈತೆ."

"ದಿಟವಾಗ್ಲೂ?"

"ಇನ್ನೂ ಒಸಿ ತಿನ್ಬೇಕು ಅನ್ನಂಗೈತೆ ಕಣಪ್ಪ."

ಅಷ್ಟಕ್ಕೇ ನಿಲ್ಲಿಸಬಾರದಿತ್ತೇ! ಪುಟ್ಟಿ, ನೀನು ಕುಣಿಯುತ್ತ ಹೋಗಿ ಇನ್ನೆರಡು ತಂದಿಟ್ಟೆ. "ಅಜ್ಜಿ ಬುಡು, ಮೆಕ್ಸಿಕೋದವ್ಳೇ ಆಗೋದ್ಲು" ಎಂದು ಮರಿ, ನೀನು ನಕ್ಕೆ.

ಪುಟ್ಟಿ, ನೀನು ಅಡುಗೆಮನೆಗೆ ಮರಳಿದೆ. ಮರಿ, ನೀನು ಮೊಬೈಲಿಗೆ ಬಿದ್ದೆ. ನಿಮ್ಮಪ್ಪ ತಾನು ತರಿಸಿಕೊಂಡ ಕೋಳಿಯ ಮೂಳೆಯ ಮೇಲೆ ಬಗ್ಗಿದ. ಆಗ ನನ್ನ ಕೈ ತಾನಾಗಿಯೇ ಹೊಲದ ಕೆಲಸ ಮಾಡಿತು. ಮೇಜಿನ ಕೆಳಗೆ ಸೆರಗು ಹಾಸಿ, ಎಲ್ಲವನ್ನೂ ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿದೆ. ದಾರಿಯುದ್ದಕ್ಕೂ ಆ ತಣ್ಣನೆಯ ಲೋಳೆ ಸೀರೆ ದಾಟಿ ಮೈಗೆ ಅಂಟುತ್ತಿತ್ತು. ಮನೆಗೆ ಬಂದವಳೇ ಒಲೆಗೆ ಹಾಕಿದೆ. ನೀನು ಮಾಡಿದ ಅಡುಗೆಯಲ್ಲವೇ ಎಂದು ಒಂದು ಗಳಿಗೆ ಕೈ ಹಿಂಜರಿಯಿತು ಪುಟ್ಟಿ, ಆದರೂ ಹಾಕಿದೆ.

ನಿಮ್ಮಪ್ಪ ಮಾತು ಉಳಿಸಿಕೊಂಡ. ಅಂದಿನಿಂದ ನಿನ್ನ ಕೆಲಸದ ಬಗ್ಗೆ ಒಂದು ಮಾತೂ ಆಡಿಲ್ಲ. ಮೊನ್ನೆ ಪಕ್ಕದ ಮನೆಯವರಿಗೆ, "ನಮ್ಮವ್ವನೇ ಎರಡೆರಡು ಸಲ ಹಾಕಿಸ್ಕೊಂಡು ತಿಂದ್ಲು" ಎಂದು ಹೇಳುವುದನ್ನೂ ಕೇಳಿಸಿಕೊಂಡೆ. ಅದು ಊಟವೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ನಿನ್ನ ಕೆಲಸ ನಿನಗಿರಲಿ.

ಆ ಸೀರೆಯ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ನನ್ನ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿದೆ. ಈ ಹಾಳೆಗಳನ್ನು ಅದರ ಮಡಿಕೆಯೊಳಗೇ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮಪ್ಪ ಸೀರೆ ಪೆಟ್ಟಿಗೆಗೆ ಕೈ ಹಾಕುವವನಲ್ಲ.