‘ಸೋರಿಕೆ’ ಮನೆತನಕ್ಕೆ ಮುತ್ತಜ್ಜನನ್ನು ಹುಡುಕಿಕೊಟ್ಟ ದಫ್ತರದಕ್ಕ

ಬೆಳಗಿನ ಆರು ಗಂಟೆ. ನಗರಸಭೆ ಕಟ್ಟಡದ ಹಿಂಬದಿಯ ದಾಖಲೆ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಣಿ ಹತ್ತಿದ್ದಾರೆ. ನೂರು ವರ್ಷ ಹಳೆಯ ಕಟ್ಟೊಂದನ್ನು ಕೂಸನ್ನು ಎತ್ತಿಕೊಂಡಂತೆ ಕೆಳಗಿಳಿಸುತ್ತಾರೆ. ಕೋಣೆಗಿರುವುದು ಒಂದೇ ಕಿಟಕಿ. ಬಿಸಿಲು ಒಳಗೆ ಬರುವುದು ಒಂಬತ್ತರವರೆಗೆ ಮಾತ್ರ. “ಮಾಸಿದ ಶಾಯಿ ದೀಪಕ್ಕೆ ಬಾಯಿ ಬಿಡಲ್ಲ, ಬಿಸಿಲಿಗೆ ಬಿಡುತ್ತೆ,” ಎನ್ನುತ್ತಾರೆ.

ಕಚೇರಿಗೆಲ್ಲ ಇವರು ‘ದಫ್ತರದಕ್ಕ’. ಓದಿದ್ದು ಏಳನೇ ತರಗತಿ. ಗಂಡ ತೀರಿಕೊಂಡ ವರ್ಷ ಕಸ ಗುಡಿಸಲು ಸೇರಿದವರು, ಕೆಲಸ ಕಾಯಂ ಆಗಲು ಹನ್ನೊಂದು ವರ್ಷ ಚಪ್ಪಲಿ ಸವೆಸಿದರು. ಗುಡಿಸುತ್ತಲೇ ಹಳೇ ಗುಮಾಸ್ತರ ಕಾಗೆ ಕಾಲು ಗುಬ್ಬಿ ಕಾಲು ಬರಹ ಓದಲು ಕಲಿತರು. ದಿನಕ್ಕೆ ಮೂವತ್ತು ಕಟ್ಟು ಬಿಚ್ಚಿ, ದೂಳು ಕೊಡವಿ, ಮತ್ತೆ ಕಟ್ಟುತ್ತಾರೆ. ಹನ್ನೆರಡು ಸಾವಿರ ಪುಸ್ತಕಗಳಲ್ಲಿ ಯಾವುದು ಎಲ್ಲಿದೆಯೆಂಬುದು ನಾಲಿಗೆಯ ತುದಿಯಲ್ಲಿದೆ. ಕೆಮ್ಮು ಮಾತ್ರ ಬಿಟ್ಟಿಲ್ಲ.

ಕಳೆದ ವರ್ಷ ನರ್ಸ್ ಒಬ್ಬರು ಮನೆತನದ ಹೆಸರು ಬದಲಿಸುವ ಅರ್ಜಿ ಹಿಡಿದು ಬಂದರು. ಹೆಸರು ‘ಸೋರಿಕೆ’. ಮಗಳನ್ನು ಶಾಲೆಯಲ್ಲಿ ‘ನಲ್ಲಿ’ ಎಂದು ಆಡಿಕೊಳ್ಳುತ್ತಿದ್ದರು. ಅದಕ್ಕಿಂತ ನೋವಿನ ಮಾತು ಮನೆಯೊಳಗೇ ಇತ್ತು. “ಮುತ್ತಜ್ಜ ಕೂಲಿಗಳ ಗುಟ್ಟನ್ನ ಧಣಿಗೆ ಸೋರಿಸಿದ್ನಂತೆ. ಅದಕ್ಕೇ ಈ ಹೆಸರಂತೆ. ಸಾಕಾಗಿದೆ ಅಕ್ಕಾ.”

“ಎಂಟು ದಿನ ತಡೀರಮ್ಮ,” ಎಂದರು ದಫ್ತರದಕ್ಕ. “ಅಳಿಸೋದಕ್ಕೆ ಒಂದು ಸಹಿ ಸಾಕು. ಅದೇನು ಅಂತ ನೋಡಿ ಆಮೇಲೆ ಅಳಿಸಿ.”

ನರ್ಸ್ ಅವರ ಅಜ್ಜನ ಜನನ ದಾಖಲೆಯಲ್ಲಿ ತಂದೆಯ ಕಸುಬು ‘ನೀರಿನ ಇಲಾಖೆ’ ಎಂದಿತ್ತು. ಆ ಎಳೆ ಹಿಡಿದು ಹೊರಟವರಿಗೆ ಆರನೇ ಬೆಳಗ್ಗೆ ಹಳೇ ಹಾಜರಿ ಪುಸ್ತಕದಲ್ಲಿ ಮುತ್ತಜ್ಜ ಸಿಕ್ಕಿದ. ಒಂದೇ ಹೆಸರಿನ ಇಬ್ಬರಿದ್ದುದರಿಂದ ಗುಮಾಸ್ತ ಒಬ್ಬನ ಮುಂದೆ ‘ಗೇಟು’, ಇನ್ನೊಬ್ಬನ ಮುಂದೆ ‘ಸೋರಿಕೆ’ ಎಂದು ಗುರುತು ಹಾಕಿದ್ದ. ನೆಲಕ್ಕೆ ಕಬ್ಬಿಣದ ಸರಳು ಊರಿ, ಕಿವಿಯಿಟ್ಟು, ಹೂತ ಕೊಳವೆ ಎಲ್ಲಿ ಸೋರುತ್ತಿದೆಯೆಂದು ಹೇಳುವುದು ಈ ಎರಡನೆಯವನ, ಅಂದರೆ ಮುತ್ತಜ್ಜನ ಕೆಲಸ. ಮಗ ಹುಟ್ಟಿದಾಗ ಆ ಗುರುತು ಜನನ ಪುಸ್ತಕಕ್ಕೂ ಇಳಿದು ಮನೆತನದ ಹೆಸರಾಗಿತ್ತು.

ಅದೇ ಕಟ್ಟಿನಲ್ಲಿ ಒಂದು ಮನವಿಪತ್ರ. ಒಂದು ಕಿವಿ ಕೆಪ್ಪಾಯಿತೆಂದು ಇಲಾಖೆ ಆತನನ್ನು ಕೆಲಸದಿಂದ ತೆಗೆದಿತ್ತು. ಒಂದು ಬೀದಿಯ ಅರವತ್ತೊಂದು ಮನೆಯವರು ‘ನಮಗೆ ಇವನ ಇನ್ನೊಂದು ಕಿವಿಯೇ ಸಾಕು’ ಎಂದು ಬರೆದು, ಸಹಿ ಹಾಕಿ, ವಾಪಸು ಕರೆಸಿಕೊಂಡಿದ್ದರು.

ಎಂಟನೇ ದಿನ ಬಂದು ಅದನ್ನು ನಿಂತೇ ಓದುತ್ತಿದ್ದ ನರ್ಸ್ ಮೆಲ್ಲನೆ ಸ್ಟೂಲಿನ ಮೇಲೆ ಕೂತರು. “ನಮ್ಮಪ್ಪ ಜೀವಮಾನವೆಲ್ಲ ಹೆಸರು ನುಂಗಿ ನುಂಗಿ ಹೇಳ್ತಿದ್ರು ಅಕ್ಕಾ,” ಎಂದರು. ಅರ್ಜಿ ಹರಿದರು. ಮರುವಾರ ಮಗಳೇ ಬಂದು, ಆ ಅರವತ್ತೊಂದು ಸಹಿಗಳನ್ನೂ ಬಿಡದೆ ನಕಲು ಮಾಡಿಕೊಂಡು ಹೋದಳು.

ದಫ್ತರದಕ್ಕನ ನಿವೃತ್ತಿಗೆ ಇನ್ನು ಎಂಟು ವರ್ಷ. ಏನಾದರೂ ಆಸೆ ಇದೆಯೇ ಎಂದರೆ ಕೋಣೆಯ ಮೂಲೆ ತೋರಿಸುತ್ತಾರೆ. “ಆ ಎರಡು ಕಪಾಟು ಇನ್ನೂ ಬಿಚ್ಚೇ ಇಲ್ಲ. ಹೋಗೋದ್ರೊಳಗೆ ಒಂದ್ಸಲ ನೋಡಿಬಿಡ್ಬೇಕು. ಯಾರ ಮುತ್ತಜ್ಜ ಒಳಗೆ ಕಾಯ್ತಾ ಕೂತಿದಾನೋ.”