ಹೊಗೆಸೊಪ್ಪಿನ ಗೋದಾಮಿನಲ್ಲಿ ಐದು ಗುಂಡು

ನಾನು ಬಂದೂಕು ಹಿಡಿದದ್ದು ಜೀವನದಲ್ಲಿ ಒಂದೇ ಸಲ. ಪಿರಿಯಾಪಟ್ಟಣದಲ್ಲಿ, ಹಿಂದೆ ಹೊಗೆಸೊಪ್ಪು ತುಂಬುತ್ತಿದ್ದ ಒಂದು ಹಳೆಯ ಗೋದಾಮಿನೊಳಗೆ. ಆಗ ನನಗೆ ಇಪ್ಪತ್ತು ವರ್ಷ. ಮದುವೆಯಾಗಿ ಮೂರು ತಿಂಗಳಾಗಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು.

ನನ್ನ ತವರು ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರಕ್ಕೆ ಹತ್ತಿರದ ಹಳ್ಳಿ. ನಾಲೆ ನೀರು, ಗದ್ದೆ, ಕಬ್ಬು ಬಿಟ್ಟರೆ ಬೇರೆ ಗೊತ್ತಿಲ್ಲದ ಊರು. ನನ್ನನ್ನು ಕೊಟ್ಟಿದ್ದು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಊರಿಗೆ. ಸಂಬಂಧ ಕುದುರುವ ಮುಂಚೆ ನಮ್ಮಪ್ಪ ನನ್ನನ್ನು ಹಿತ್ತಲಿಗೆ ಕರೆದು, ಅವ್ವನಿಗೂ ಕೇಳಿಸದಂತೆ ಹೇಳಿದ್ದರು.

"ನಿನ್ಗೆ ಮಾವ ಆಗೋರು ಎರಡು ವರ್ಸ ಜೈಲಲ್ಲಿದ್ದು ಬಂದವ್ರೆ ಕಣವ್ವ. ಕಳ್ತನ ಗಿಳ್ತನ ಅಲ್ಲ. ಹಂದಿ ಅಂತ ಕೋವಿ ಹೊಡುದ್ರು, ಮನುಸನ್ಗೆ ಬಿತ್ತು. ಮುಚ್ಚಿಟ್ಟು ಕೊಡಾಕೆ ನಂಗೆ ಮನ್ಸಿಲ್ಲ. ಯೋಚ್ನೆ ಮಾಡಿ ಯೋಳು."

ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಹುಡುಗ ನೋಡಲು ಬಂದಾಗ ತಲೆ ತಗ್ಗಿಸಿ ಕೂತಿದ್ದರೂ, ನಮ್ಮ ಮನೆಯ ಕರು ಹಗ್ಗ ಬಿಚ್ಚಿಕೊಂಡು ಅಂಗಳಕ್ಕೆ ನುಗ್ಗಿದಾಗ ಮೊದಲು ಎದ್ದು ಹಿಡಿದವರು ಅವರೇ. ಅಷ್ಟಕ್ಕೇ ನನಗೆ ಒಪ್ಪಿಗೆಯಾಗಿತ್ತು.

ಆ ಮನೆಗೆ ಹೋದ ಮೇಲೆ ಮಾವನವರನ್ನು ಕಂಡು ನನಗೆ ಭಯವೇನೂ ಆಗಲಿಲ್ಲ. ಹಣೆ ತುಂಬ ವಿಭೂತಿ, ಮಾತು ಕಡಿಮೆ, ಯಾರ ಮೇಲೂ ದನಿ ಎತ್ತದ ಮನುಷ್ಯ. ಆದರೆ ಅಪ್ಪ ಮಗ ಒಟ್ಟಿಗೆ ಕೂತು ಉಂಡಿದ್ದನ್ನು ನಾನು ನೋಡಲಿಲ್ಲ. ಅವರು ಜಗಲಿಯಲ್ಲಿದ್ದರೆ ಇವರು ಕೊಟ್ಟಿಗೆಯಲ್ಲಿ. ಜಗಳವೂ ಇಲ್ಲ. ವರ್ಷಕ್ಕೊಮ್ಮೆ, ಒಕ್ಕಣೆ ಮುಗಿದ ಮೇಲೆ, ಮಾವನವರು ಒಂದು ಮೂಟೆ ರಾಗಿಯನ್ನು ಗಾಡಿಗೆ ಹೇರಿಕೊಂಡು ಒಬ್ಬರೇ ಕಾಡಿನ ಜನರಿರುವ ಹಾಡಿಗೆ ಹೋಗುತ್ತಿದ್ದರು. ಅಂದು ಗುಂಡು ಬಿದ್ದು ಸತ್ತವನು ಆ ಹಾಡಿಯವನು. ಅವನ ಹೆಂಡತಿ ಇನ್ನೂ ಅಲ್ಲೇ ಇದ್ದಾಳೆ ಎಂದು ಅತ್ತೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಯಾರೂ ಮಾತಾಡುತ್ತಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಹೊಲದಲ್ಲಿ ಕೆಲಸ ಕಡಿಮೆಯಾಯಿತು. "ಎಲ್ಲಾದ್ರೂ ಓಗ್ಬನ್ನಿ, ಆಮ್ಯಾಕೆ ಮಕ್ಳು ಮರಿ ಅಂತ ಆದ್ರೆ ಎಲ್ಲಿ ಓದೀರಿ" ಎಂದು ಅತ್ತೆಯೇ ನಮ್ಮನ್ನು ಮಡಿಕೇರಿಗೆ ಹೊರಡಿಸಿದರು. ಅದು ನನ್ನ ಮೊದಲ ಪ್ರವಾಸ. ಲಾಡ್ಜಿನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಊರೆಲ್ಲ ತಿರುಗಿದೆ. ನಮ್ಮ ಮನೆಯವರು ಎರಡು ದಿನ ನಗುನಗುತ್ತಲೇ ಇದ್ದರು. ಊರಲ್ಲಿ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಹಿಂತಿರುಗುವಾಗ ಪಿರಿಯಾಪಟ್ಟಣದಲ್ಲಿ ಬಸ್ಸು ಕೆಟ್ಟಿತು. ಹುಣಸೂರಿಗೆ ಇನ್ನೊಂದು ಬಸ್ಸು ಬರಲು ಎರಡು ಗಂಟೆ ಆಗುತ್ತದೆ ಎಂದರು. ಟೀ ಕುಡಿದು, ಸುಮ್ಮನೆ ರಸ್ತೆಯುದ್ದಕ್ಕೆ ನಡೆಯುತ್ತಿದ್ದಾಗ ಆ ಗೋದಾಮು ಕಂಡಿತು. ಬಾಗಿಲ ಪಕ್ಕದ ತಗಡಿನ ಮೇಲೆ ಬಂದೂಕಿನ ಚಿತ್ರ ಬರೆದು, 'ಪ್ರವಾಸಿಗಳು ಗುರಿ ಇಟ್ಟು ನೋಡಬಹುದು' ಎಂದು ಬರೆದಿತ್ತು. ಒಳಗಿನಿಂದ ಟಪ್ ಎಂದು ಸದ್ದು. ಕೊಡಗಿನ ಕಡೆಯ ತೋಟದವರು ಸೇರಿ ನಡೆಸುತ್ತಿದ್ದ ಜಾಗವಂತೆ. ಅಭ್ಯಾಸಕ್ಕೆ ಅವರೇ ಬರುತ್ತಿದ್ದರು, ಭಾನುವಾರ ಮಾತ್ರ ದಾರಿಹೋಕರನ್ನೂ ಬಿಡುತ್ತಿದ್ದರು.

"ಒಂದ್ಸಲ ನೋಡನ ಬನ್ರೀ" ಎಂದೆ.

"ಬ್ಯಾಡ ಕಣೆ. ಬಸ್ಸು ಓದ್ರೆ?"

"ಎರಡ್ ಗಂಟೆ ಐತಲ್ಲ."

ಅವರು ಬಾಗಿಲಲ್ಲೇ ನಿಂತರು. ಆ ಕ್ಷಣ ನನಗೆ ಮಾವನವರ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಅದು ಮಾವನವರ ಕಥೆ, ಇವರದ್ದಲ್ಲವಲ್ಲ ಎಂದುಕೊಂಡು ಒಳಗೆ ನಡೆದೆ.

ಒಳಗೆ ಹೊಗೆಸೊಪ್ಪಿನ ಘಾಟು ಇನ್ನೂ ಗೋಡೆಯಲ್ಲೇ ಇತ್ತು. ಅದರ ಜೊತೆಗೆ ಸುಟ್ಟ ಮದ್ದಿನ ವಾಸನೆ. ಗೋದಾಮು ಉದ್ದಕ್ಕಿತ್ತು, ಒಳಗೆಲ್ಲ ಕತ್ತಲೆ. ಆಚೆ ಕೊನೆಯಲ್ಲಿ ಮರಳು ಮೂಟೆಗಳನ್ನು ಚಾವಣಿಯವರೆಗೆ ಒಟ್ಟಿದ್ದರು. ಅದರ ಮುಂದೆ, ಬಲ್ಬಿನ ಬೆಳಕಿನಲ್ಲಿ, ಕಪ್ಪು ಸುತ್ತುಗಳನ್ನು ಬರೆದ ಕಾಗದ. ನೋಡಿಕೊಳ್ಳಲು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬರು ಹಿರಿಯರಿದ್ದರು. ದಪ್ಪ ಬಿಳಿ ಮೀಸೆ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ. ಸೀರೆ ಉಟ್ಟವಳು ಬಂದೂಕು ಕೇಳಿದ್ದಕ್ಕೆ ಅವರು ನಗಲಿಲ್ಲ. ಎರಡು ಕಿವಿಗೂ ಹತ್ತಿ ಇಟ್ಟುಕೊಳ್ಳಲು ಹೇಳಿ, ಮೇಜಿನ ಮುಂದೆ ಕೂರಿಸಿ, ಬಂದೂಕಿನ ಹಿಂಬದಿಯನ್ನು ನನ್ನ ಭುಜದ ಗುಳಿಗೆ ಒತ್ತಿ ಇಡಿಸಿದರು.

"ಹೆದರ್ಬೇಡಿ ಅಮ್ಮ. ಉಸಿರು ತಗೊಳ್ಳಿ. ಅರ್ಧ ಬಿಡಿ. ಅಲ್ಲೇ ನಿಲ್ಸಿ. ಈಗ ಮೆಲ್ಲಗೆ ಒತ್ತಿ, ಎಳೀಬೇಡಿ."

ಮೊದಲನೆಯದು ಎಲ್ಲಿ ಹೋಯಿತೋ. ಎರಡನೆಯದು ಮೂಟೆಗೆ ಬಿದ್ದು ಮರಳು ಸುರಿಯಿತು. ಮೂರನೆಯದೂ ನಾಲ್ಕನೆಯದೂ ಕಾಗದದ ಅಂಚಿಗೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಭಯಕ್ಕಲ್ಲ, ಖುಷಿಗೆ. ಐದನೆಯದು ಕಪ್ಪು ಸುತ್ತಿನೊಳಗೆ ಬಿತ್ತು. ಹಿರಿಯರು ಹೋಗಿ ಕಾಗದ ಬಿಡಿಸಿ ತಂದು ತೂತು ತೋರಿಸಿ, "ಮೊದಲ ದಿನಕ್ಕೆ ಇದು ಬಾಳ ಚಂದ" ಎಂದರು. ನಾನು ಆ ಕಾಗದವನ್ನು ಹಿಡಿದುಕೊಂಡು ಹಿಂದಕ್ಕೆ ತಿರುಗಿದೆ. ನಮ್ಮ ಮನೆಯವರು ಬಾಗಿಲ ಚೌಕಟ್ಟಿಗೆ ಒರಗಿ, ಹೊರಗೆ ರಸ್ತೆಯ ಕಡೆ ನೋಡುತ್ತ ನಿಂತಿದ್ದರು.

"ಈಗ ನೀವು" ಎಂದೆ.

"ನಂಗ್ ಬ್ಯಾಡ."

"ಕಾಡಿನ ಊರೋರು ನೀವು. ನಾಲೆ ಕಡೆಯೋಳು ನಾನೇ ಹೊಡ್ದೆ. ನಿಮ್ಗೆ ಭಯವಾ?"

ಬೆಂಚಿನ ಮೇಲೆ ಕೂತಿದ್ದ ಇಬ್ಬರು ತೋಟದವರು ನಕ್ಕರು. ಆ ನಗು ನಮ್ಮ ಮನೆಯವರನ್ನು ಒಳಗೆ ತಂದಿತು. ಬಂದು ಕೂತರು. ಹಿರಿಯರು ಹೇಳಿಕೊಡುವ ಮುಂಚೆಯೇ ಬಂದೂಕನ್ನು ಸರಿಯಾಗಿ ಭುಜಕ್ಕೆ ಕೊಟ್ಟರು, ಕೆನ್ನೆ ತಾಗಿಸಿದರು. ಹಿಡಿದು ರೂಢಿಯಿರುವ ಕೈ ಎಂದು ನನಗೂ ತಿಳಿಯಿತು. ಆಮೇಲೆ ಬಂದೂಕಿನ ತುದಿ ನಡುಗತೊಡಗಿತು. ಮೊದಲು ಸ್ವಲ್ಪ, ಆಮೇಲೆ ಮೇಜಿಗೆ ಟಕಟಕ ಬಡಿಯುವಷ್ಟು. ಹಿರಿಯರು ಒಂದು ಕೈಯಲ್ಲಿ ನಳಿಕೆಯನ್ನು ಹಿಡಿದು, ಇನ್ನೊಂದನ್ನು ಅವರ ಬೆನ್ನ ಮೇಲಿಟ್ಟು, "ಬಿಡಿ ಮಗಾ. ಬೆರಳು ತೆಗೀರಿ. ಸಾಕು" ಎಂದರು. ಆ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ಅಂಥವರನ್ನು ಅವರು ಹಿಂದೆಯೂ ನೋಡಿರಬೇಕು.

ನಮ್ಮ ಮನೆಯವರು ಎದ್ದು ಹೊರಗೆ ಹೋದರು. ನಾನು ಹಿಂದೆ ಓಡಿದಾಗ ಗೋದಾಮಿನ ಹಿಂದಿನ ಹೊಂಗೆ ಮರದ ಬುಡದಲ್ಲಿ ವಾಂತಿ ಮಾಡುತ್ತಿದ್ದರು.

ಆಮೇಲೆ ಬಂದ ಬಸ್ಸು ಹತ್ತಿದೆವು. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕೋಟೆ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಾಗ, ನನ್ನ ಕಡೆ ನೋಡದೆ ಹೇಳಿದರು.

"ಹೊಡ್ದಿದ್ದು ಅಪ್ಪ ಅಲ್ಲ. ನಾನು."

ಆಗ ಅವರಿಗೆ ಹದಿನಾರು ವರ್ಷ. ರಾಗಿ ತೆನೆ ಬಲಿತಿತ್ತು. ಬೆಳಕು ಹರಿಯುವ ಹೊತ್ತು, ಮಂಜು. ಮಾವನವರು ಕಾವಲಿನ ಅಟ್ಟಣೆ ಇಳಿದು ಮುಖ ತೊಳೆಯಲು ಮನೆಗೆ ಹೋಗಿದ್ದರು. ಕೋವಿ ಇವರ ಕೈಯಲ್ಲಿತ್ತು. ರಾಗಿಯೊಳಗೆ ಏನೋ ಬಗ್ಗಿಕೊಂಡು ಸರಿದಂತಾಯಿತು. ಹೊಡೆದರು. ಅದು ಅವರ ಮನೆಗೇ ವರ್ಷಗಟ್ಟಲೆ ಕಾವಲಿಗೆ ಬರುತ್ತಿದ್ದ ಹಾಡಿಯ ಮನುಷ್ಯ. ಇವರಿಗೆ ಜೇನು ಬಿಡಿಸುವುದನ್ನೂ ಆನೆಯ ಹೆಜ್ಜೆ ಹಳೆಯದೋ ಹೊಸದೋ ನೋಡುವುದನ್ನೂ ಕಲಿಸಿದವನು. ಹಂದಿ ನುಗ್ಗಿದ ಜಾಗದಲ್ಲಿ ಬೇಲಿ ಸರಿಮಾಡಲು ಬಗ್ಗಿದ್ದ.

"ನಾನ್ ಮನೆಗ್ ಓಡ್ದೆ. ಅಪ್ಪ ಬಂದು ನೋಡುದ್ರು. ಅಷ್ಟೊತ್ಗೆ ಮುಗ್ದೋಗಿತ್ತು. ಕೋವಿ ಕಿತ್ಕೊಂಡು, 'ನೀನು ಇವತ್ತು ಒಲದ್ ತಾವ್ ಬಂದೇ ಇಲ್ಲ ಕಣ್ಲಾ' ಅಂದ್ರು. ಅಷ್ಟೇ. ಇವತ್ತಿನ್ಗಂಟ ಅದರ್ ಮ್ಯಾಲೆ ಒಂದ್ ಮಾತಾಡಿಲ್ಲ."

ಕೋಟೆ ಬಸ್ಸು ಬಂತು. ನಾವು ಹತ್ತಿದೆವು. ಕಾಗದ ಇನ್ನೂ ನನ್ನ ಕೈಯಲ್ಲೇ ಇತ್ತು. ಮಡಚಿ ಕಿಟಕಿಯಿಂದ ಬಿಸಾಡಿದೆ.

ಆಮೇಲಿನ ಎರಡು ವರ್ಷ ನಾನು ಆ ಮನೆಯಲ್ಲಿ ಎಲ್ಲವನ್ನೂ ಬೇರೆ ಕಣ್ಣಿನಿಂದ ನೋಡಿದೆ. ಮಗ ಒಳಗೆ ಬಂದರೆ ಮಾವನವರು ಎದ್ದು ಹೋಗುತ್ತಿದ್ದುದು ಸಿಟ್ಟಿಗಲ್ಲ. ಮಗನಿಗೆ ತಲೆಯೆತ್ತಲು ಕಷ್ಟವಾಗಬಾರದು ಎಂದು. ನಮಗೆ ಮಗಳು ಹುಟ್ಟಿದಳು. ಮಾವನವರು ಅವಳನ್ನು ಎತ್ತಿಕೊಂಡು ಜಗಲಿಯಲ್ಲಿ ಓಡಾಡುತ್ತಿದ್ದರು. ಅಪ್ಪ ಮಗನ ನಡುವೆ ಮಾತ್ರ ಮಾತು ಹುಟ್ಟಲಿಲ್ಲ.

ಎರಡನೆಯ ವರ್ಷದ ಒಕ್ಕಣೆ ಮುಗಿದಾಗ ಮಾವನವರ ಮಂಡಿ ಊದಿಕೊಂಡು ಗಾಡಿ ಹತ್ತಲಾಗಲಿಲ್ಲ. "ಆಳಿನ್ ಕೈಲಿ ರಾಗಿ ಕಳ್ಸವ್ವ" ಎಂದು ನನಗೆ ಹೇಳಿದರು. ನಾನು ನಮ್ಮ ಮನೆಯವರ ಹತ್ತಿರ ಹೋಗಿ, "ಆಳು ಬ್ಯಾಡ. ನಾವೇ ಹೋಗನ" ಎಂದೆ. ಅವರು ಬಹಳ ಹೊತ್ತು ಎತ್ತಿನ ಕೊರಳು ಸವರುತ್ತ ನಿಂತಿದ್ದು, ಆಮೇಲೆ ಗಾಡಿ ಕಟ್ಟಿದರು.

ಹೋದರೆ ಹಾಡಿ ಇದ್ದ ಜಾಗದಲ್ಲಿ ಹಾಡಿಯೇ ಇಲ್ಲ. ಹೊಸ ಅಣೆಕಟ್ಟಿನ ನೀರು ಏರುತ್ತದೆ ಎಂದು ಎಲ್ಲರನ್ನೂ ಎಬ್ಬಿಸಿದ್ದರು. ಕೇಳುತ್ತ ಕೇಳುತ್ತ ಮಧ್ಯಾಹ್ನದ ಹೊತ್ತಿಗೆ ಹೊಸ ಜಾಗ ಸಿಕ್ಕಿತು. ಮರವೇ ಇಲ್ಲದ ಬಯಲು, ಸಾಲಾಗಿ ಗುಡಿಸಲು. ಸತ್ತವನ ಹೆಂಡತಿ ಬಾಗಿಲಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ನಲವತ್ತು ದಾಟಿರಬಹುದು. ನಮ್ಮ ಮನೆಯವರನ್ನು ನೋಡಿ ಕತ್ತಿ ಕೆಳಗಿಟ್ಟಳು. ಯಾರೆಂದು ಕೇಳಲಿಲ್ಲ.

ಇವರು ಅವಳ ಮುಂದೆ ನೆಲದ ಮೇಲೆ ಕೂತು, "ಅವತ್ತು..." ಎಂದರು.

"ಗೊತ್ತು" ಎಂದಳು ಅವಳು. "ಇಬ್ಬನಿ ಮೇಲೆ ನಿನ್ ಎಜ್ಜೆ ಇತ್ತು. ಓಡಿದ್ ಎಜ್ಜೆ. ನಿಮ್ಮಪ್ಪನ ಎಜ್ಜೆ ಮನೆ ಕಡೆಯಿಂದ ಬಂದಿತ್ತು. ನಮ್ಗೆ ಅಷ್ಟೂ ತಿಳಿಯಕಿಲ್ವಾ? ಪೋಲೀಸ್ನೋರು ಕೇಳುದ್ರು. ನಾನ್ ಏಳ್ಲಿಲ್ಲ."

"ಯಾಕೆ ಏಳ್ಲಿಲ್ಲ?"

"ಅದು ನಂಗೂ ಗೊತ್ತಿಲ್ಲ. ಅವನ್ಗೆ ನೀನಂದ್ರೆ ಇಷ್ಟ ಇತ್ತು. ಆಮೇಲೆ ಏಳನ ಅಂತ ಸಿಟ್ಟೂ ಬಂತು. ಅಷ್ಟ್ರಲ್ಲಿ ನಿಮ್ಮಪ್ಪನ್ನ ಕರ್ಕೊಂಡೋಗಿದ್ರು."

ಅವಳು ನನ್ನನ್ನೂ ನನ್ನ ಕಂಕುಳ ಮಗುವನ್ನೂ ನೋಡಿ, ಮತ್ತೆ ಇವರ ಕಡೆ ತಿರುಗಿದಳು.

"ನಿಮ್ಮಪ್ಪ ವರ್ಸ ವರ್ಸ ಬತ್ತಾನೆ. ಪ್ರತಿ ಸಲ ಒಂದೇ ಕೇಳ್ತೀನಿ, ಕೊನೇಗೆ ನನ್ ಗಂಡ ಏನಂದ ಅಂತ. ಏನೂ ಅನ್ಲಿಲ್ಲ ಅಂತಾನೆ. ನಿಮ್ಮಪ್ಪ ಅಲ್ಲಿದ್ರೆ ತಾನೆ ಏಳಕೆ! ಇದ್ದೋನು ನೀನು. ನೀನ್ ಬತ್ತೀಯ ಅಂತ ಕಾದೆ. ಇಷ್ಟು ವರ್ಸ ಬರ್ಲಿಲ್ಲ ನೀನು."

ನಾನು ಇವರ ಮುಖ ನೋಡಿದೆ. ಹುಣಸೂರಿನ ಬೆಂಚಿನ ಮೇಲೆ ನನಗೆ ಹೇಳದೆ ಉಳಿಸಿಕೊಂಡದ್ದು ಇನ್ನೂ ಇತ್ತು ಎಂದು ಆಗ ತಿಳಿಯಿತು.

"ಬೈಲಿಲ್ಲ" ಎಂದರು. "ಚಳಿ ಆಯ್ತದೆ ಅಂದ. ನನ್ ಕಂಬಳಿ ಹೊದಿಸ್ದೆ. 'ನನ್ನ ಮನೆಗ್ ಕರ್ಕೊಂಡೋಗು, ಅವಳು ಎದ್ದವ್ಳೆ, ಒಲೆ ಹಚ್ಚವ್ಳೆ' ಅಂದ. ಎತ್ಕೊಳಕ್ಕೆ ನೋಡ್ದೆ, ಆಗ್ಲಿಲ್ಲ. ನಿನ್ ಹತ್ರ ಬಂದು ಕರೀಬೇಕಿತ್ತು. ನಿನ್ ಹಾಡಿನೇ ಹತ್ರ ಇತ್ತು. ನಾನು ನಮ್ಮಪ್ಪನ್ ತಾವ್ ಓಡ್ದೆ."

ಅವಳು ತುಟಿ ಬಿಗಿಹಿಡಿದು ಕೇಳಿಸಿಕೊಂಡಳು.

"ಹಚ್ಚಿದ್ದೆ" ಎಂದಳು. "ಗೆಣಸು ಸುಡ್ತಿದ್ದೆ."

ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಅಳುವ ಸದ್ದು ಬರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ನಮ್ಮ ಮನೆಯವರು ಕೈಮುಗಿದರು, ಅವಳು ನೋಡಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸು ಎಂದು ಇವರೂ ಕೇಳಲಿಲ್ಲ. ಹೊರಡುವಾಗ, "ರಾಗಿ ಒಳಗಿಡು" ಎಂದಳು. ಇವರು ಮೂಟೆ ಹೊತ್ತು ಒಳಗಿಟ್ಟು ಬಂದರು.

ಮನೆಗೆ ಬಂದಾಗ ಸಂಜೆ. ಮಾವನವರು ಜಗಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮಗನೇ ಗಾಡಿ ಹೊಡೆದುಕೊಂಡು ಬಂದದ್ದನ್ನು ನೋಡಿ ಅವರ ಕೈ ನಿಂತಿತು. ನಮ್ಮ ಮನೆಯವರು ಎತ್ತು ಬಿಚ್ಚದೆ ನೇರವಾಗಿ ಹೋಗಿ ಅವರ ಕಾಲ ಹತ್ತಿರ ಕೂತರು.

"ಅವಳಿಗೆ ಅವತ್ತೇ ಗೊತ್ತಿತ್ತಂತೆ ಅಪ್ಪ. ನೀವ್ ಸುಮ್ನೆ ಓಗಿದ್ರಿ ಜೈಲಿಗೆ."

ಮಾವನವರು ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ.

"ನಿನ್ನ ಉಳುಸ್ತೀನಿ ಅಂತ ಓದೆ ಕಣಪ್ಪ" ಎಂದರು. "ಉಳಿಸ್ನಿಲ್ಲ ಅಂತ ಬಂದ್ಮ್ಯಾಲೆ ಗೊತ್ತಾಯ್ತು. ಏಳಕೆ ಬಾಯಿ ಬರ್ನಿಲ್ಲ."

ಇವರು ಅವರ ಮಂಡಿಯ ಮೇಲೆ ತಲೆಯಿಟ್ಟರು. ನೋವಿದ್ದ ಮಂಡಿ, ಮಾವನವರು ಅಲುಗಲಿಲ್ಲ.

ಅದಾದ ಮೇಲೆ ಮಾವನವರು ಬದುಕಿದ್ದು ಹದಿನಾಲ್ಕು ತಿಂಗಳು. ಅಷ್ಟು ದಿನವೂ ಅಪ್ಪ ಮಗ ಒಟ್ಟಿಗೆ ಕೂತು ಉಂಡರು. ಮಾತು ಹೆಚ್ಚೇನೂ ಇರುತ್ತಿರಲಿಲ್ಲ. ಮಳೆ, ಎತ್ತು, ಬಿತ್ತನೆ. ನಾನು ಬಡಿಸುತ್ತ ನಿಂತಾಗ, ಕಳೆದುಹೋದ ವರ್ಷಗಳಲ್ಲಿ ಇಬ್ಬರೂ ಬೇರೆ ಬೇರೆ ಉಂಡ ಊಟಗಳನ್ನು ನೆನೆದು ಇಬ್ಬರಿಗೂ ಇನ್ನೊಂದು ಸೌಟು ಸಾರು ಹಾಕುತ್ತಿದ್ದೆ.

ಹಾಡಿಗೆ ನಮ್ಮ ಮನೆಯವರು ವರ್ಷ ವರ್ಷವೂ ಹೋದರು. ಕೆಲವು ಸಲ ಅವಳು ಕೂರಿಸಿ ಮಾತಾಡುತ್ತಿದ್ದಳು. ಕೆಲವು ಸಲ ಮುಖ ತಿರುಗಿಸಿ ಬಿದಿರು ಸೀಳುತ್ತಲೇ ಇರುತ್ತಿದ್ದಳು. ಇವರು ಎರಡಕ್ಕೂ ಸಿದ್ಧರಾಗಿಯೇ ಹೋಗುತ್ತಿದ್ದರು. ಒಂದು ವರ್ಷ ಹೋದಾಗ ಅವಳಿರಲಿಲ್ಲ. ಜ್ವರ ಬಂದು ತೀರಿಹೋದಳು ಎಂದು ಪಕ್ಕದ ಗುಡಿಸಲಿನವರು ಹೇಳಿದರಂತೆ. ಆವತ್ತು ಇವರು ರಾಗಿಯನ್ನು ಪಕ್ಕದವರಿಗೇ ಕೊಟ್ಟು, ಕತ್ತಲಾಗುವ ಮುಂಚೆ ಮನೆಗೆ ಬಂದು, ಊಟ ಬೇಡವೆಂದು ಮಲಗಿದರು.