ಮೈನಿಂಗ್‌ನಲ್ಲಿದ್ದ ಕಾರ್ಡು

ನಾನು ಮಾತು ಶುರು ಮಾಡಿದರೆ ಸಾಕು, ನಮ್ಮ ಮಾವ ನಡುವೆ ಬಾಯಿ ಹಾಕುತ್ತಾರೆ. ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಯಲ್ಲೂ ಅದೇ ಆಯಿತು. ಮನೆಯ ಹಳೇ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡಲು ನನಗೊಂದು ಗ್ರಾಫಿಕ್ಸ್ ಕಾರ್ಡು ಬೇಕಿತ್ತು. ಬಟ್ಟೆ ಹೊಲಿದು ಉಳಿಸಿದ್ದು ಒಂದಕ್ಕೆ ಮಾತ್ರ ಸಾಲುತ್ತಿತ್ತು. ಅದು ಕೆಟ್ಟರೆ ನನ್ನ ಆಟವೂ ಮುಗಿದಂತೆ.

"ಅಣ್ಣಂಗಾ ಅಕ್ಕಾ?" ಎಂದ ಅಂಗಡಿಯವನು, ನನ್ನ ಗಂಡನಿಗೆ ಅಂದುಕೊಂಡು.

"ನಂಗೇ. ನಿಮ್ಮಣ್ಣಂಗೆ ಟೀವಿ ರಿಮೋಟೇ ನೆಟ್ಟಗೆ ಒತ್ತಾಕೆ ಬರಲ್ಲ."

ಅವನು ಎರಡು ಕಾರ್ಡು ಹಾಕಿ ತೋರಿಸಿದ. ಹೊಸದರಲ್ಲಿ ಕಾರು ತಡವರಿಸಿತು. ಅದೇ ಬೆಲೆಯ ಹಳೆಯದರಲ್ಲಿ ಸರಾಗವಾಗಿ ಓಡಿತು. "ಇದು ಮೈನಿಂಗ್‌ನಲ್ಲಿದ್ದ ಕಾರ್ಡು, ಅದಕ್ಕೇ ಈ ರೇಟು," ಎಂದ.

ಕೋರಮಂಡಲ್ ಚಿನ್ನದ ಗಣಿಯಲ್ಲಿ ದುಡಿದಿದ್ದ ಮಾವ, ಎತ್ತಿಕೊಂಡಿದ್ದ ನನ್ನ ಮಗುವನ್ನು ನನ್ನ ಸೊಂಟಕ್ಕೆ ದಾಟಿಸಿ ಮುಂದೆ ಬಂದರು. "ಯಾವ ಗಣೀಲಿತ್ತಪ್ಪಾ?"

"ಕಂಪ್ಯೂಟರ್ ಗಣಿ ತಾತಾ. ಲೆಕ್ಕ ಮಾಡ್ಸಿ ಮಾಡ್ಸಿ ಕ್ರಿಪ್ಟೋ ಅಂತ ಇಂಟರ್ನೆಟ್ ಕಾಸು ತೆಗೆಯೋದು. ಅಗಲೂ ರಾತ್ರಿ ಓಡಿರ್ತದೆ."

"ಮೂರು ಶಿಫ್ಟೂ?" ಮಾವ ಅದರ ಫ್ಯಾನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. "ಧೂಳು ಕುಡಿದಿಲ್ಲ. ಉಸ್ರು ಸರಿಯಾಗೈತೆ. ತಗೋಮ್ಮ."

ತಗೊಂಡೆ. ಇವತ್ತಿಗೂ ನನ್ನ ಕಾರು ಸರಾಗವಾಗಿ ಓಡುತ್ತಿದೆ. ಅವತ್ತು ಮನೆಗೆ ಮರಳುವ ಮಾರಿಕುಪ್ಪಂ ರೈಲಿನಲ್ಲಿ ಮಾವ ಕಾರ್ಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಆಟದ ಬಗ್ಗೆ ಹೇಳುತ್ತಿದ್ದೆ. ಮತ್ತೆ ನಡುವೆ ಬಾಯಿ ಹಾಕಿ ಕೇಳಿದರು:

"ಗಣಿ ಮುಚ್ಚಿದ್ಮೇಲೆ ನಮ್ಮನ್ನ ಯಾರೂ ಕರೀಲಿಲ್ಲ. ಇದಕ್ಕೆ ಎಂಗಮ್ಮ ಬೇರೆ ಕೆಲ್ಸ ಸಿಕ್ತು?"